ಅವಮಾನಕ್ಕೆ ಸಾಕ್ಷಿ

ಜಾತಿ ಸರ್ಟಿಫಿಕೇಟಿಗಾಗಿ ತಾಲ್ಲೂಕು ಕಚೇರಿ ಬಾಗಿಲು ಕಾಯೋದು ನಮಗೆ ಹೊಸದಲ್ಲ. ಅಮೆರಿಕದ ಕರಿಯರಿಗೂ ಅಂಥದೊಂದು ಕಾಗದ ಇದೆ. ಅದನ್ನು ಕೊಡೋದು ಮನುಷ್ಯನಿಗಲ್ಲ, ಅವನ ಕಂಪನಿಗೆ. ಬಂಡವಾಳದಲ್ಲಿ ನೂರಕ್ಕೆ 51 ಪಾಲು ಅವನದೇ ಇರಬೇಕು, ಯಜಮಾನಿಕೆಯೂ ಅವನದೇ ಇರಬೇಕು. ಆಗ ಸರ್ಕಾರದ ಕಂಟ್ರಾಕ್ಟಿನಲ್ಲಿ ಪಾಲು ಕೇಳಬಹುದು. 2012ರಲ್ಲಿ ನಮ್ಮ ಕೇಂದ್ರ ಸರ್ಕಾರ ತನ್ನ ಖರೀದಿಯಲ್ಲಿ ನೂರಕ್ಕೆ 4 ಭಾಗ ದಲಿತ, ಆದಿವಾಸಿಗಳ ಸಣ್ಣ ಉದ್ಯಮಗಳಿಂದ ಆಗಬೇಕು ಅಂದಾಗಲೂ ಕಂಪನಿಗಳಿಗೆ ಇಟ್ಟ ಅಳತೆ ಇದೇ 51.

ಆ ಕಾಗದ ಯಾರ ದಯೆಯಿಂದಲೂ ಬಂದದ್ದಲ್ಲ. 1967ರಲ್ಲಿ ಡೆಟ್ರಾಯಿಟ್ ಹೊತ್ತಿ ಉರಿದು 43 ಜನ ಸತ್ತರು. 1969ರಲ್ಲಿ ಅಧ್ಯಕ್ಷ ನಿಕ್ಸನ್ ಅಲ್ಪಸಂಖ್ಯಾತ ಜನಾಂಗಗಳ ಉದ್ಯಮಕ್ಕೆಂದು ಒಂದು ಕಚೇರಿ ತೆರೆದ. 1977ರಲ್ಲಿ ಬಾಲ್ಟಿಮೋರಿನ ಕರಿಯ ಸಂಸದ ಪ್ಯಾರೆನ್ ಮಿಚೆಲ್ ಹಠ ಹಿಡಿದು, ಕಾಮಗಾರಿ ಹಣದಲ್ಲಿ ನೂರಕ್ಕೆ 10 ಇವರಿಗೆ ಅಂತ ಕಾಯಿದೆಯಲ್ಲೇ ಬರೆಸಿದ.

ಇಲ್ಲೊಂದು ತಮಾಷೆ ನೋಡಿ. 1982ರಲ್ಲಿ ಭಾರತದಿಂದ ಹೋದವರೂ ಅರ್ಜಿ ಹಾಕಿ ಆ ಪಟ್ಟಿಗೆ ಸೇರಿಕೊಂಡರು. ಅಲ್ಲಿ ಕೇಳಿದ್ದು ದೇಶವನ್ನು, ಜಾತಿಯನ್ನಲ್ಲ. ಇಲ್ಲಿ ಮೀಸಲಾತಿ ಅಂದರೆ ಮೂಗು ಮುರಿಯುವ ಅಗ್ರಹಾರದ ಮಗನೂ ಅಲ್ಲಿ ಹಿಂದುಳಿದವ!

ಇನ್ನು ರಿಚ್ಮಂಡ್ ಊರಿನ ಕತೆ. ಗುಲಾಮಗಿರಿ ಉಳಿಸಲು ಯುದ್ಧ ಹೂಡಿದವರ ರಾಜಧಾನಿ ಅದು. ಊರಿನ ಅರ್ಧ ಜನ ಕರಿಯರು. 1978ರಿಂದ 1983ರವರೆಗೆ ನಗರಸಭೆಯ ಮುಖ್ಯ ಕಂಟ್ರಾಕ್ಟುಗಳಲ್ಲಿ ಅಲ್ಪಸಂಖ್ಯಾತರಿಗೆ ಸಿಕ್ಕಿದ್ದು ನೂರಕ್ಕೆ 0.67. ಪೂರಾ ಒಂದೂ ಅಲ್ಲ. ಅದಕ್ಕೇ 1983ರಲ್ಲಿ ಕರಿಯರ ಬಹುಮತವಿದ್ದ ನಗರಸಭೆ, ಕಂಟ್ರಾಕ್ಟು ಹಿಡಿದವನು ನೂರಕ್ಕೆ 30ರಷ್ಟನ್ನು ಇವರ ಕಂಪನಿಗಳಿಗೆ ಒಳಗುತ್ತಿಗೆ ಕೊಡಲೇಬೇಕು ಅಂತ ಕಟ್ಟಳೆ ಮಾಡಿತು. ಜಗಳ ಹತ್ತಿದ್ದು ಯಾವ ಕೆಲಸಕ್ಕೆ ಗೊತ್ತೆ? ಜೈಲಿಗೆ ಕಕ್ಕಸು ಕೂಡಿಸುವ ಕೆಲಸಕ್ಕೆ! ಕಕ್ಕಸು ಬಳಿಯುವ ಕೆಲಸ ನಮಗೇ ಬೇಕು ಅಂತ ಯಾವ ಮೇಲಿನವನೂ ಯಾವ ದೇಶದಲ್ಲೂ ಕೋರ್ಟು ಹತ್ತಿದ್ದನ್ನು ನಾನು ಕೇಳಿಲ್ಲ. ಅದನ್ನು ಕೂಡಿಸುವ ಲಾಭಕ್ಕೆ ಮಾತ್ರ ಕ್ರೋಸನ್ ಕಂಪನಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1989ರಲ್ಲಿ ಆ ಕೋರ್ಟು ಕಟ್ಟಳೆಯನ್ನು ಹೊಡೆದುಹಾಕಿತು. ದೇಶದಲ್ಲಿ ಭೇದ ಇದ್ದರೆ ಸಾಲದು, ಇದೇ ಊರಲ್ಲಿ, ಇದೇ ಕಸುಬಲ್ಲಿ ನಡೆದದ್ದಕ್ಕೆ ಸಾಕ್ಷಿ ತನ್ನಿ ಅಂದಿತು. ಪೀಠದಲ್ಲಿದ್ದ ಒಬ್ಬನೇ ಕರಿಯ ನ್ಯಾಯಾಧೀಶ ಥರ್ಗುಡ್ ಮಾರ್ಷಲ್ ಇದಕ್ಕೆ ಒಪ್ಪದೆ ಭಿನ್ನತೀರ್ಪು ಬರೆದ. ಅಲ್ಲಿಂದಾಚೆ ಊರೂರುಗಳು ಭೇದವನ್ನು ಅಳೆಯಲು ದುಡ್ಡು ಕೊಟ್ಟು ವರದಿ ಬರೆಸತೊಡಗಿದವು.

2023ರ ಜುಲೈನಲ್ಲಿ ಟೆನೆಸಿಯ ಕೋರ್ಟು ಇನ್ನೂ ಮುಂದೆ ಹೋಯಿತು. ಕೇಂದ್ರದ 8(ಎ) ಯೋಜನೆಯಲ್ಲಿ, ಕರಿಯ ಅಂದ ಮಾತ್ರಕ್ಕೆ ಅನ್ಯಾಯಕ್ಕೊಳಗಾದವನು ಅಂತ ಭಾವಿಸುವ ಹಾಗಿಲ್ಲ ಅಂದಿತು. ಆ ತೀರ್ಪಿನ ಬೆನ್ನಿಗೇ, ಜನಾಂಗದ ಹೆಸರಲ್ಲಿ ಸೇರಿದ್ದವರೆಲ್ಲ ತಮಗಾದ ಅವಮಾನವನ್ನು ತಾವೇ ಬರೆದು ಅರ್ಜಿಗೆ ಲಗತ್ತಿಸಬೇಕಾಯಿತು: ಯಾವಾಗ, ಎಲ್ಲಿ, ಯಾರಿಂದ, ಅದರಿಂದ ವ್ಯಾಪಾರಕ್ಕೆ ಆದ ನಷ್ಟ ಏನು.