ಕೌದಿ: ಹಳೆಯ ಬಟ್ಟೆ, ಕೊಡುಗೆ ಮತ್ತು ಚರಿತ್ರೆಯ ಆಕರ

ಕರ್ನಾಟಕದ ಕರಕುಶಲ ಕಲೆಗಳ ಚರಿತ್ರೆಯಲ್ಲಿ ಇಳಕಲ್ಲಿನ ಸೀರೆ, ಬೀದರಿನ ಬಿದರಿ ಕೆಲಸ, ಕಿನ್ನಾಳದ ಬಣ್ಣದ ಗೊಂಬೆ, ಧಾರವಾಡ ಸೀಮೆಯ ಕಸೂತಿ ಇವುಗಳಿಗೆ ಸಾಕಷ್ಟು ಪುಟಗಳು ದೊರೆತಿವೆ. ಉತ್ತರ ಕರ್ನಾಟಕದ ಮನೆ ಮನೆಯಲ್ಲಿದ್ದ ಕೌದಿಗೆ ದೊರೆತ ಸ್ಥಳ ಬಹಳ ಕಡಿಮೆ. ಇದಕ್ಕೆ ವಿದ್ವಾಂಸರ ಉದಾಸೀನವೊಂದೇ ಕಾರಣವಲ್ಲ. ಕೌದಿ ಬಹುಕಾಲ ಮಾರಾಟದ ಸರಕಾಗಿರಲಿಲ್ಲ. ಆದುದರಿಂದ ಸುಂಕದ ಲೆಕ್ಕದಲ್ಲಾಗಲಿ, ವರ್ತಕರ ಖಾತೆಯಲ್ಲಾಗಲಿ ಅದನ್ನು ಹುಡುಕುವುದು ವ್ಯರ್ಥ. ಇನ್ನೊಂದು ಕಾರಣ ಇದಕ್ಕಿಂತ ಮೂಲಭೂತವಾದುದು. ಕೌದಿಯು ಆಗಲೇ ಸವೆದ ಬಟ್ಟೆಯಿಂದ ಹುಟ್ಟುತ್ತದೆ, ದಿನವೂ ಹೊದ್ದು ಹಾಸಿ ಮತ್ತೆ ಸವೆಯುತ್ತದೆ. ಹರಿದ ಕೌದಿ ಹೊಸ ಕೌದಿಯ ಒಳಪದರವಾಗುತ್ತದೆ, ಇಲ್ಲವೇ ದನದ ಕೊಟ್ಟಿಗೆ ಸೇರುತ್ತದೆ. ಉದ್ದೇಶ ಸಾಧಿಸಿದ ವಸ್ತು ಉಳಿಯುವುದಿಲ್ಲ. ಹೀಗಿರುವಾಗ ಅದರ ಚರಿತ್ರೆಯನ್ನು ಭಾಷೆಯಿಂದ, ಆಚರಣೆಯಿಂದ ಮತ್ತು ಬಟ್ಟೆಯ ಪದರಗಳಿಂದಲೇ ಕಟ್ಟಬೇಕಾಗುತ್ತದೆ.

ಭಾಷೆಯ ಸಾಕ್ಷ್ಯ ಹಳೆಯದು. ಸಂಸ್ಕೃತದ ‘ಕಂಥಾ’ ಕನ್ನಡದಲ್ಲಿ ‘ಕಂತೆ’ಯಾಗಿದೆ, ಬಂಗಾಳದ ಕಾಂಥಾ ಎಂಬ ಹೆಸರೂ ಇದೇ ಮೂಲದ್ದು. ‘ಬೊಂತೆ’ ಎಂಬುದು ತೆಲುಗಿನ ‘ಬೊಂತ’ಕ್ಕೆ ಜೊತೆಯಾದ ಪದ. ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯಲ್ಲಿ ಈ ಎರಡೂ ಪದಗಳು ಒಟ್ಟಿಗೆ ಉಳಿದುಬಂದಿವೆ. ಕೌದಿ, ಕವದಿ, ಕವಂದಿ ಎಂಬ ರೂಪಗಳು ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತವೆ. ಮಹಾರಾಷ್ಟ್ರದ ಗೋಧಡಿಯೂ ಈ ಕುಟುಂಬಕ್ಕೇ ಸೇರಿದ ವಸ್ತು.

ತೇಪೆಯ ಬಟ್ಟೆಗೆ ವಿರಕ್ತರ ಪರಂಪರೆಯಲ್ಲಿ ವಿಶೇಷ ಗೌರವವಿತ್ತು. ಬೌದ್ಧ ಭಿಕ್ಷುಗಳು ಎಸೆದ ಬಟ್ಟೆಯ ಚೂರುಗಳನ್ನು ಆಯ್ದು ಚೀವರ ಹೊಲಿದುಕೊಳ್ಳುವ ಪಾಂಸುಕೂಲ ವ್ರತ ವಿನಯ ಗ್ರಂಥಗಳಿಂದ ತಿಳಿದುಬರುತ್ತದೆ. ಕಂಥೆ ಹೊದ್ದ ಜೋಗಿಯ ಚಿತ್ರ ಕನ್ನಡ ಸಾಹಿತ್ಯಕ್ಕೆ ಅಪರಿಚಿತವಲ್ಲ. ಹನ್ನೆರಡನೆಯ ಶತಮಾನದ ಶರಣೆ ಬೊಂತಾದೇವಿಯ ಹೆಸರಿನ ಹಿಂದೆಯೂ ಬೊಂತೆಯೇ ಇದೆ. ಅರಮನೆಯನ್ನೂ ಉಡುಗೆಯನ್ನೂ ತೊರೆದು ಕಲ್ಯಾಣದ ದಾರಿ ಹಿಡಿದ ಆಕೆಗೆ ಶಿವನು ಬೊಂತೆಯನ್ನು ಕೊಟ್ಟನೆಂಬುದು ಐತಿಹ್ಯ. ಐತಿಹ್ಯವನ್ನು ಘಟನೆಯೆಂದು ಓದಬೇಕಾಗಿಲ್ಲ. ಆದರೆ ಏನೂ ಇಲ್ಲದವಳಿಗೆ ಕೊಡಬಹುದಾದ ಮರ್ಯಾದೆಯ ಕೊಡುಗೆಯಾಗಿ ಹೇಳಿದವರ ಮನಸ್ಸಿಗೆ ಬಂದುದು ಪೀತಾಂಬರವಲ್ಲ, ಬೊಂತೆ ಎಂಬುದು ಗಮನಾರ್ಹ. ಉಟ್ಟುಬಿಟ್ಟ ಸೀರೆಯನ್ನು ಹಾಗೆಯೇ ಕೊಟ್ಟರೆ ಪಡೆಯುವವರಿಗೆ ಅದು ಹಳೆಯ ಬಟ್ಟೆ. ಅದೇ ಸೀರೆ ಕೌದಿಯಾದ ಮೇಲೆ ಹಳೆಯದೆಂಬ ಕೀಳುತನ ಕಳೆದುಹೋಗುತ್ತದೆ. ಆ ಬದಲಾವಣೆಯನ್ನು ತರುವುದು ಹೊಲಿದವಳ ಶ್ರಮ.

ಆ ಶ್ರಮದ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಹಳೆಯ ಸೀರೆ, ಧೋತರಗಳನ್ನು ಒಗೆದು ಒಣಗಿಸಿ, ಗಟ್ಟಿಯಿರುವ ಭಾಗವನ್ನು ಬೇರ್ಪಡಿಸುತ್ತಾರೆ. ಅಗಲವಾದ ಬಟ್ಟೆ ತಳಕ್ಕೆ. ಮೆದುವಾದದ್ದು, ಹರಿದದ್ದು ನಡುವಿನ ಪದರಗಳಿಗೆ. ಬಣ್ಣದ ತುಂಡುಗಳು ಮೇಲಕ್ಕೆ. ಅನಂತರ ಸೂಜಿ ಎಲ್ಲ ಪದರಗಳನ್ನೂ ದಾಟಿ ಮೇಲೆ ಕೆಳಗೆ ಸಾಗುವ ಸಾದಾ ಹೊಲಿಗೆ, ಸಾಲಿನ ಪಕ್ಕದಲ್ಲಿ ಸಾಲು. ಅಲಂಕಾರಕ್ಕೆಂದು ತೋರುವ ಈ ಸಾಲುಗಳೇ ಕೌದಿಯ ಬಲ. ಅವು ವಿರಳವಾದರೆ ಒಳಗಿನ ಚಿಂದಿ ಸರಿದು ಗಂಟಾಗುತ್ತದೆ. ಕೆಲಸ ನಡೆಯುವುದು ಅಡುಗೆ, ನೀರು, ಹೊಲ ಇವೆಲ್ಲ ಮುಗಿದ ಬಿಡುವಿನಲ್ಲಿ, ಹೆಚ್ಚಾಗಿ ಸುಗ್ಗಿ ಮುಗಿದು ಮಳೆ ಬರುವ ಮುನ್ನ. ಒಬ್ಬಳೇ ಹೊಲಿದರೆ ವಾರಗಳು ಉರುಳುತ್ತವೆ. ಮಡಿಸಿಟ್ಟ ಅರ್ಧ ಕೌದಿಯನ್ನು ಮತ್ತೆ ಬಿಡಿಸಿ, ಸೂಜಿ ನಿಂತಲ್ಲಿಂದಲೇ ಮುಂದುವರಿಸುವುದು ಇದರ ಸಹಜ ಲಯ.

ಮನೆಯಲ್ಲಿ ಹೊಲಿಯಲು ಕೈ ಸಾಲದಿದ್ದಾಗ ಊರೂರು ತಿರುಗುವ ಗೊಂಧಳಿ ಸಮುದಾಯದ ಮಹಿಳೆಯರು ಈ ಕೆಲಸ ಮಾಡಿಕೊಡುತ್ತಿದ್ದರು. ಬಟ್ಟೆ ಮನೆಯವರದು, ಹೊಲಿಗೆ ಅವರದು. ಕೂಲಿ ಕಾಳಿನಲ್ಲಿಯೋ ಹಣದಲ್ಲಿಯೋ. ಇಲ್ಲಿ ಮಾರಾಟವಾದುದು ಶ್ರಮ, ಕೌದಿಯಲ್ಲ. ಬಾಣಂತಿಗೆ, ತೊಟ್ಟಿಲ ಕೂಸಿಗೆ ತವರಿನಿಂದ ಹೋಗುವ ಪುಟ್ಟ ಕೌದಿಯನ್ನು ಮಾತ್ರ ಅಜ್ಜಿಯೇ ಹೊಲಿಯಬೇಕೆಂಬ ಹಂಬಲ ಬಹಳ ಮನೆಗಳಲ್ಲಿತ್ತು. ಅಜ್ಜಿಯ ಸೀರೆಯ ಮೆತುವು ಕೂಸಿನ ಮೈಗೆ ಒಗ್ಗುತ್ತದೆಂಬುದು ಅದಕ್ಕೆ ಕೊಡುತ್ತಿದ್ದ ಕಾರಣ. ನೂರಾರು ಸಲ ಒಗೆದ ಹತ್ತಿಗೆ ಹೊಸ ಬಟ್ಟೆಯಲ್ಲಿ ಸಿಗದ ಮೆತುವಿರುವುದರಿಂದ ಆ ಮಾತು ಬರಿಯ ಭಾವುಕತೆಯಲ್ಲ.

ಕೌದಿ ಪರಂಪರೆಯ ಅತ್ಯಂತ ವಿಶಿಷ್ಟ ಶಾಖೆ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಮುಂತಾದ ತಾಲ್ಲೂಕುಗಳ ಸಿದ್ದಿ ಸಮುದಾಯದ ಕವಂದಿ. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ತರಲ್ಪಟ್ಟ ಆಫ್ರಿಕನ್ನರಲ್ಲಿ ಅನೇಕರು ತಪ್ಪಿಸಿಕೊಂಡು ಸಹ್ಯಾದ್ರಿಯ ಕಾಡು ಸೇರಿದರು. ಇಂದಿನ ಸಿದ್ದಿಗಳಲ್ಲಿ ಬಹಳಷ್ಟು ಜನ ಅವರ ಸಂತತಿ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಹೆಚ್ಚಾಗಿ ಕ್ರೈಸ್ತ ಮತ್ತು ಮುಸ್ಲಿಂ ಸಿದ್ದಿ ಮಹಿಳೆಯರು ಹೊಲಿಯುವ ಕವಂದಿಯ ಕೆಲಸ ಅಂಚಿನಿಂದ ಆರಂಭವಾಗಿ ಸುತ್ತುತ್ತಾ ಒಳಕ್ಕೆ ಸಾಗಿ ನಡುವಿನಲ್ಲಿ ಮುಗಿಯುತ್ತದೆ. ನಾಲ್ಕು ಮೂಲೆಗಳಿಗೆ ಮಡಿಸಿದ ಬಟ್ಟೆಯ ‘ಫೂಲ’ ಅಂದರೆ ಹೂವನ್ನು ಇಡಬೇಕು. ಅದಿಲ್ಲದ ಕವಂದಿಯನ್ನು ಬೆತ್ತಲೆಯೆಂದು ಆಡಿಕೊಳ್ಳುತ್ತಾರೆ. ಕೊನೆಯ ತೇಪೆ ಮುಚ್ಚುವ ಮುನ್ನ ಒಳಗೆ ಕೆಲವು ಅಕ್ಕಿ ಕಾಳುಗಳನ್ನು ಇಡುವ ರೂಢಿಯೂ ಉಂಟು. ಕವಂದಿಗೂ ಹೊಟ್ಟೆಯಿದೆ, ಅದು ಬರಿದಾಗಿರಬಾರದು ಎಂಬ ಭಾವನೆ ಅದರಲ್ಲಿದೆ. ಶಿಲುಬೆ, ಅರ್ಧಚಂದ್ರ ಮುಂತಾದ ಚಿಹ್ನೆಗಳು ಹೊಲಿದವಳ ಧರ್ಮವನ್ನು ಸೂಚಿಸುತ್ತವೆ. ಇದನ್ನು ಆಫ್ರಿಕದಿಂದ ನೇರವಾಗಿ ಬಂದ ಕಲೆಯೆಂದು ಹೇಳುವುದು ಆತುರದ ತೀರ್ಮಾನವಾದೀತು, ಏಕೆಂದರೆ ಪದರು ಪದರಾಗಿ ಹಳೆಯ ಬಟ್ಟೆ ಹೊಲಿಯುವ ಪದ್ಧತಿ ದಖನ್ನಿನಾದ್ಯಂತ ಇದೆ. ಆದರೆ ಬಣ್ಣಗಳನ್ನು ಧೈರ್ಯವಾಗಿ ಎದುರುಬದುರು ಇಡುವ ಸಿದ್ದಿ ಮಹಿಳೆಯರ ಕ್ರಮ ನೆರೆಹೊರೆಯವರ ಅನುಕರಣೆ ಮಾತ್ರವೆನ್ನುವುದೂ ಸರಿಯಲ್ಲ.

ಈ ಕವಂದಿಗಳತ್ತ ಹೊರಗಿನ ವಿದ್ವತ್ತಿನ ಗಮನ ಸೆಳೆದವರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಪ್ರಮುಖರು. 2004ರಲ್ಲಿ ಸಿದ್ದಿ ಮಹಿಳೆಯರ ಕವಂದಿ ಸಹಕಾರ ಸಂಘಟನೆ ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಅಲ್ಲಿಯವರೆಗೆ ಮಕ್ಕಳು ಮೊಮ್ಮಕ್ಕಳಿಗಾಗಿ ಹೊಲಿದುದಕ್ಕೆ ಬೆಲೆ ಕಟ್ಟುವ ಪ್ರಸಂಗ ಆಗ ಒದಗಿತು. ಕಾಡಿನಂಚಿನ ಕೂಲಿಯನ್ನೇ ನೆಚ್ಚಿದ ಕುಟುಂಬಗಳಿಗೆ ಈ ಹಣ ಸಣ್ಣ ಸಂಗತಿಯಲ್ಲ. ಮಾರುಕಟ್ಟೆ ಕಲೆಯನ್ನು ಕೆಡಿಸಿತೆಂದು ದೂರುವವರು ಇದನ್ನು ಮರೆಯಬಾರದು. ಆದರೆ ಕೊಳ್ಳುವವನು ಅಪರಿಚಿತನಾದಾಗ ಬಟ್ಟೆ ಯಾರದೆಂಬ ಪ್ರಶ್ನೆ ಬಿದ್ದುಹೋಗುತ್ತದೆ. ದರ್ಜಿಯ ಅಂಗಡಿಯ ಚೂರು ಬಟ್ಟೆಯೂ ಸಾಕಾಗುತ್ತದೆ.

ಕೊಡುಗೆಯ ದಿಕ್ಕು ತಿರುಗಿದ ಉದಾಹರಣೆಯೂ ಇದೆ. ಮಾಜಿ ದೇವದಾಸಿಯರ ಪುನರ್ವಸತಿಗಾಗಿ ದುಡಿದ ಸುಧಾ ಮೂರ್ತಿ ಅವರಿಗೆ ಆ ಮಹಿಳೆಯರು ಮೂರು ಸಾವಿರ ಹೊಲಿಗೆಗಳ ಹೊದಿಕೆಯೊಂದನ್ನು ಉಡುಗೊರೆಯಾಗಿತ್ತರು. 2017ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಪುಸ್ತಕಕ್ಕೆ ಅದರಿಂದಲೇ ಹೆಸರು ಬಂದಿದೆ. ನೆರವು ಪಡೆದವರು ಕೊಡುವವರಾದಾಗ ಅವರು ಆಯ್ದುದೂ ಹೊಲಿದ ಹೊದಿಕೆಯನ್ನೇ.

ಆಕರವಾಗಿ ಕೌದಿಯನ್ನು ಓದುವ ಕ್ರಮ ಉತ್ಖನನಕ್ಕೆ ಹತ್ತಿರವಾದುದು. ಸವೆದ ಮೇಲಿನ ತೇಪೆಯ ಕೆಳಗೆ ಅದಕ್ಕಿಂತ ಹಳೆಯ ಸೀರೆ ಕಾಣುತ್ತದೆ. ಇಳಕಲ್ ಸೀರೆಯ ಸೆರಗನ್ನು ಮೈಗೆ ಜೋಡಿಸುವ ಕೊಂಡಿ, ತೋಪು ತೆನೆಯ ಸೆರಗು, ಗುಳೇದಗುಡ್ಡದ ಖಣದ ತುಂಡು ಇವು ಆ ಮನೆಯವರು ಏನನ್ನು ಉಟ್ಟರು, ಎಷ್ಟು ಕಾಲ ಉಟ್ಟರು ಎಂಬುದಕ್ಕೆ ಸಾಕ್ಷಿ. ಹತ್ತಿಯ ಪದರಗಳ ಮೇಲೆ ಪಾಲಿಯೆಸ್ಟರ್ ಕಾಣಿಸಿಕೊಂಡ ಕಡೆ ಮನೆಯ ಉಡುಗೆ ಬದಲಾದ ಕಾಲ ದಾಖಲಾಗಿದೆ. ಜಾರುವ, ಬೆವರು ಹೀರದ ಆ ಬಟ್ಟೆ ಕೌದಿಗೆ ಒಗ್ಗುವುದಿಲ್ಲ. ಅಗ್ಗದ ಗಿರಣಿ ಹೊದಿಕೆಗಳಷ್ಟೇ ಇದೂ ಕೌದಿಯ ಇಳಿಮುಖಕ್ಕೆ ಕಾರಣ.

ಕೋಲ್ಕತ್ತದ ಗುರುಸದಯ ವಸ್ತುಸಂಗ್ರಹಾಲಯದಲ್ಲಿ ಮಾನದಾಸುಂದರಿ ದಾಸಿ ತನ್ನ ತಂದೆಗಾಗಿ ಹೊಲಿದ ಹತ್ತೊಂಬತ್ತನೆಯ ಶತಮಾನದ ಕಾಂಥಾ ಇದೆ. ಆಕೆ ತನ್ನ ಹೆಸರನ್ನು ಅದರಲ್ಲಿ ಸೂಜಿಯಿಂದಲೇ ಬರೆದಿರುವುದರಿಂದ ಹೊಲಿದವಳಾರು, ಯಾರಿಗಾಗಿ ಎಂಬುದು ಇಂದಿಗೂ ತಿಳಿಯುತ್ತದೆ. ಕೌದಿಯಲ್ಲಿ ಸಾಮಾನ್ಯವಾಗಿ ಅಕ್ಷರವಿರುವುದಿಲ್ಲ. ಕೌದಿಯನ್ನು ಸಂಗ್ರಹಕ್ಕೆ ತರುವಾಗ ಉದ್ದ, ಅಗಲ, ಊರು ಬರೆದುಕೊಂಡರೆ ಸಾಲದು. ಹೊಲಿದವಳ ಹೆಸರು, ಯಾವ ತುಂಡು ಯಾರ ಸೀರೆಯದು, ಯಾರ ತೊಟ್ಟಿಲಿಗೆ ಹೋದದ್ದು ಎಂಬುದನ್ನು ಆಕೆಯ ಬಾಯಿಂದಲೇ ಕೇಳಿ ನಮೂದಿಸಬೇಕು. ಕವಂದಿಯ ನಡುವಿನ ತೇಪೆಯ ಕೆಳಗೆ ಅಕ್ಕಿ ಇಟ್ಟಿದೆಯೇ ಎಂಬುದನ್ನೂ ಆಗಲೇ ಕೇಳಬೇಕು, ಏಕೆಂದರೆ ಬಿಚ್ಚಿ ನೋಡಿದರೆ ಕವಂದಿ ಹಾಳಾಗುತ್ತದೆ.