ಪೊವಾಯಿಯ ಆ ಮಧ್ಯಾಹ್ನ: ಜೆ. ಡೇ ಮತ್ತು ಡಾನ್‌ನ ಫೋನ್ ಕರೆ

ಪೊವಾಯಿ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಹೀರಾನಂದಾನಿಯ ಎತ್ತರದ ಕಟ್ಟಡಗಳು, ಆಫೀಸು, ಶನಿವಾರದ ಸುತ್ತಾಟ. 2011ರ ಜೂನ್ 11ರ ಮಧ್ಯಾಹ್ನ ಅದೇ ಹೀರಾನಂದಾನಿಯಲ್ಲಿ, ಬೈಕಿನಲ್ಲಿ ಮನೆಗೆ ಹೋಗ್ತಿದ್ದ 56 ವರ್ಷದ ಒಬ್ಬರನ್ನು ಹಿಂಬಾಲಿಸಿ ಬಂದವರು ಗುಂಡು ಹೊಡೆದು ಕೊಂದರು. ಅವರೇ ‘ಮಿಡ್‌ಡೇ’ ಪತ್ರಿಕೆಯ ತನಿಖಾ ವರದಿಗಾರ ಜ್ಯೋತಿರ್ಮಯ್ ಡೇ. ಮುಂಬೈಗೆಲ್ಲ ಅವರು ಜೆ. ಡೇ.

ಕೊಂದವರು ಯಾರು ಅಂತ ಮೊದಲಿಗೆ ಗೊತ್ತೇ ಆಗಲಿಲ್ಲ. ಡೇ ತೈಲ ಮಾಫಿಯಾ ಬಗ್ಗೆ ಬರೆದಿದ್ದರು, ಭೂಗತ ಲೋಕದ ಬಗ್ಗೆ ಬರೆದಿದ್ದರು. ಅನುಮಾನ ಮೊದಲು ಹೋಗಿದ್ದು ತೈಲದವರ ಕಡೆಗೆ. ಕೊನೆಗೆ ಸಿಕ್ಕ ಹೆಸರು ಛೋಟಾ ರಾಜನ್. ಮುಂಬೈಯಲ್ಲಿ ಹೋಟೆಲ್ ನಡೆಸಿದ ನಮ್ಮ ಕರಾವಳಿಯವರಿಗೆ ಈ ಹೆಸರನ್ನು ಪರಿಚಯ ಮಾಡಿಕೊಡಬೇಕಿಲ್ಲ ಬಿಡಿ. ಪ್ರಾಸಿಕ್ಯೂಷನ್ ಹೇಳಿದ ಕಾರಣ ಏನು ಗೊತ್ತಾ? ಡೇ ಬರೆದ ಎರಡು ಲೇಖನ, ಜೊತೆಗೆ ಬರೆಯಬೇಕು ಅಂತಿದ್ದ ‘ಚಿಂದಿ’ ಅನ್ನೋ ಪುಸ್ತಕ. ರಾಜನ್ ಕಾಲ ಮುಗೀತು ಅನ್ನೋ ಧಾಟಿಯ ಬರಹ ಅವನಿಗೆ ಸಹಿಸಲಾಗಲಿಲ್ಲ.

ಈಗ ಇದರ ಇನ್ನೊಂದು ಮುಖ ನೋಡಿ. ಕ್ರೈಂ ವರದಿಗಾರ ಆಫೀಸಲ್ಲಿ ಕೂತರೆ ಸುದ್ದಿ ಬರಲ್ಲ. ಪೊಲೀಸರು ಬೇಕು, ಖಬರಿಗಳು ಬೇಕು, ಒಮ್ಮೊಮ್ಮೆ ಡಾನ್‌ನ ಫೋನೂ ಬೇಕು. ಡೇ ಅವರೇ ಖಬರಿಗಳ ಅಪಾಯದ ಬದುಕಿನ ಬಗ್ಗೆ 2010ರಲ್ಲಿ ‘ಜೀರೋ ಡಯಲ್’ ಅನ್ನೋ ಪುಸ್ತಕ ತಂದಿದ್ದರು. ಅವರ ಕೊಲೆಯಾಗಿ ಐದು ತಿಂಗಳಿಗೆ, 2011ರ ನವೆಂಬರ್‌ನಲ್ಲಿ, ಪೊಲೀಸರು ಬಂಧಿಸಿದ್ದು ಇನ್ನೊಬ್ಬ ವರದಿಗಾರ್ತಿಯನ್ನು: ‘ಏಷ್ಯನ್ ಏಜ್’ನ ಜಿಗ್ನಾ ವೋರಾ. ವೃತ್ತಿ ಮತ್ಸರದಿಂದ ಡೇ ಅವರ ಬೈಕ್ ನಂಬರು, ವಿಳಾಸ ರಾಜನ್‌ಗೆ ಕೊಟ್ಟರು ಅನ್ನೋದು ಆರೋಪ. ಹಾಕಿದ್ದು ಮೋಕಾ, ಸಂಘಟಿತ ಅಪರಾಧದ ಕಾನೂನು, ಜಾಮೀನು ಸುಲಭವಲ್ಲ. ರಾಜನ್ ಜೊತೆ ಮಾತಾಡಿದ್ದು ಸಂದರ್ಶನಕ್ಕೆ ಅಂತ ಆಕೆ ಹೇಳಿದರು. ವರದಿಗಾರರಿಗೆ ಸುದ್ದಿ ಕೊಡೋ ಕರೆಯೇ ಕೇಸ್ ಡೈರಿಯಲ್ಲಿ ಸಂಚಾಗಿಬಿಡಬಹುದು. ಬೈಕುಲ್ಲಾ ಜೈಲಿನಲ್ಲಿ ಸುಮಾರು ಒಂಬತ್ತು ತಿಂಗಳು ಕಳೆದರು. 2023ರ ‘ಸ್ಕೂಪ್’ ಸೀರೀಸ್ ನೋಡಿದವರಿಗೆ ಈ ಕಥೆ ನೆನಪಿರುತ್ತೆ.

ರಾಜನ್ ಸಿಕ್ಕಿದ್ದು 2015ರಲ್ಲಿ, ಇಂಡೊನೇಷ್ಯಾದ ಬಾಲಿಯಲ್ಲಿ. 2018ರ ಮೇ 2ರಂದು ವಿಶೇಷ ನ್ಯಾಯಾಲಯ ಅವನಿಗೂ ಇನ್ನೂ ಎಂಟು ಜನರಿಗೂ ಜೀವಾವಧಿ ಶಿಕ್ಷೆ ಕೊಟ್ಟಿತು. ಏಳು ವರ್ಷ! ನಮ್ಮ ದೇಶದಲ್ಲಿ ಪತ್ರಕರ್ತರ ಕೊಲೆ ಕೇಸುಗಳ ಗತಿ ನೋಡಿದರೆ, ಶಿಕ್ಷೆ ಆಯ್ತಲ್ಲ ಅನ್ನೋದೇ ದೊಡ್ಡದು.

ಡೇ ಹತ್ಯೆಯಾದಾಗ ಮುಂಬೈ ಪತ್ರಕರ್ತರು ಬೀದಿಗಿಳಿದು ರಕ್ಷಣೆಗೊಂದು ಕಾನೂನು ಕೇಳಿದ್ದರು. ಮಹಾರಾಷ್ಟ್ರ ವಿಧಾನಮಂಡಲ ಅದನ್ನು ಪಾಸು ಮಾಡಿದ್ದು 2017ರ ಏಪ್ರಿಲ್‌ನಲ್ಲಿ. ಪತ್ರಕರ್ತರ ಮೇಲೆ ಹಲ್ಲೆ ಮಾಡಿದರೆ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಸುಪಾರಿ ಕೊಡೋನು ಇದಕ್ಕೆ ಎಷ್ಟು ಹೆದರ್ತಾನೋ, ನೀವೇ ಲೆಕ್ಕ ಹಾಕಿ.

ಅದೇ 2018ರ ತೀರ್ಪಿನಲ್ಲಿ ಜಿಗ್ನಾ ಖುಲಾಸೆಯಾದರು. ಮರುವರ್ಷ ಬಾಂಬೆ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಆದರೆ ಆಕೆ ಕ್ರೈಂ ವರದಿಗಾರಿಕೆಗೆ ವಾಪಸ್ ಹೋಗಲಿಲ್ಲ. ಜ್ಯೋತಿಷ್ಯ, ಟ್ಯಾರೋ ಹೇಳೋ ಕೆಲಸ ಹಿಡಿದರು.