ಹಳೆಯ ತೊಟ್ಟಿ ಮನೆಯ ಜಗಲಿ, ಮೆಟ್ಟಿಲು: ಬದಲಿಸುವ ಮುನ್ನ

ತೊಟ್ಟಿ ಮನೆಯ ದುರಸ್ತಿ ಎಂದೊಡನೆ ಹೆಚ್ಚಿನವರು ಮೊದಲು ಕೈ ಹಾಕುವುದು ಜಗಲಿಗೆ. ನಗರದಲ್ಲಿ ನೆಲೆಸಿದ ಮಕ್ಕಳು ಊರಿಗೆ ಬಂದು ಜಗಲಿಗೆ ನುಣುಪು ಗ್ರಾನೈಟ್ ಹಾಸಿಸಿ, ತಲೆಬಾಗಿಲಿಗೆ ಪಾಲಿಶ್ ಮಾಡಿಸಿ ಮರಳುತ್ತಾರೆ. ಆದರೆ ಅಲ್ಲಿ ನಿತ್ಯ ಓಡಾಡುವ ವಯಸ್ಸಾದ ತಂದೆ-ತಾಯಿಯರಿಗೆ ಅಪಾಯವಿರುವುದು ಅಟ್ಟದ ಮೆಟ್ಟಿಲಿನಲ್ಲಿ.

ಹಳೆಯ ಮನೆಗಳ ಮರದ ಮೆಟ್ಟಿಲು ಏಣಿಗಿಂತ ತುಸು ಮೇಲು, ಅಷ್ಟೆ. ಅಟ್ಟವು ದವಸಧಾನ್ಯ, ಪಾತ್ರೆಪಗಡಿಗಳ ಜಾಗವಾಗಿದ್ದಾಗ ಅದು ಸಾಕಾಗಿತ್ತು. ಈಗ ಅನೇಕ ಮನೆಗಳಲ್ಲಿ ಅದೇ ಮಲಗುವ ಕೋಣೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಮನೆಯಲ್ಲಿ ಪ್ರತಿ ಮೆಟ್ಟಿಲಿನ ಎತ್ತರ 190 ಮಿ.ಮೀ. ಮೀರಬಾರದು, ಪಾದವಿಡುವ ಅಗಲ 250 ಮಿ.ಮೀ.ಗಿಂತ ಕಡಿಮೆಯಾಗಬಾರದು. ಈ ಲೆಕ್ಕದಲ್ಲಿ 9 ಅಡಿ ಏರಲು 15 ಹೆಜ್ಜೆ ಬೇಕು; ನೆಲದ ಮೇಲೆ ಸುಮಾರು ಹನ್ನೊಂದೂವರೆ ಅಡಿ ಉದ್ದ ಬೇಕು. ಹಳೆಯ ಮೆಟ್ಟಿಲು ನಿಂತಿರುವುದು ಅದರ ಅರ್ಧದಷ್ಟು ಜಾಗದಲ್ಲಿ.

ತೊಡಕು ಇರುವುದು ಇಲ್ಲಿಯೇ. ಜಾಗ ಸಾಲದೆಂದು ಅಟ್ಟದ ತೊಲೆ ಕತ್ತರಿಸಿ ಕಿಂಡಿಯನ್ನು ದೊಡ್ಡದು ಮಾಡಿದರೆ ಮೇಲಿನ ಭಾರ ಹೊರುವವರಿಲ್ಲ! ಕಟ್ಟಡ ಎಂಜಿನಿಯರ್ ನೋಡದೆ ಒಂದು ತೊಲೆಯನ್ನೂ ಮುಟ್ಟಬಾರದು. ನಡುವೆ ತಿರುವು ಕೊಟ್ಟು ಮೆಟ್ಟಿಲನ್ನು ಮಡಿಸುವುದು ಒಂದು ದಾರಿ. ಅದೂ ಆಗದಿದ್ದಲ್ಲಿ ಹಳೆಯದನ್ನೇ ಉಳಿಸಿ, ಎರಡೂ ಬದಿಗೆ ಗಟ್ಟಿ ಕಂಬಿ ಹಾಕಿಸಿ, ಕೆಳಗೂ ಮೇಲೂ ಟೂ-ವೇ ಸ್ವಿಚ್ಚಿನ ದೀಪ ಇರಿಸಿ, ಹಿರಿಯರ ಹಾಸಿಗೆಯನ್ನು ಕೆಳಗಿಳಿಸುವುದೇ ಲೇಸು.

ಇನ್ನು ಹೊಸಿಲು. ಗಾಲಿಕುರ್ಚಿಗೆ ಅಡ್ಡಿಯೆಂದು ಅದನ್ನು ಕೆತ್ತಿಸಬೇಕಿಲ್ಲ. ಅದು ಚೌಕಟ್ಟಿನ ಕೆಳಗಟ್ಟೂ ಹೌದು, ಪೂಜೆಗೊಳ್ಳುವ ಜಾಗವೂ ಹೌದು. ಬೇಕಾದಾಗ ಇಟ್ಟು ತೆಗೆಯುವ ಮರದ ಇಳಿಜಾರು ಸಾಕು. ಒಂದಂಗುಲ ಎತ್ತರಕ್ಕೆ ಒಂದಡಿ ಉದ್ದವೆಂಬುದು ಲೆಕ್ಕ. 4 ಅಂಗುಲದ ಹೊಸಿಲಿಗೆ ಒಳಗೂ ಹೊರಗೂ ನಾಲ್ಕು ನಾಲ್ಕು ಅಡಿ.

ಜಗಲಿಯ ಒರಟು ಕಲ್ಲುಚಪ್ಪಡಿ ಮಳೆಯಲ್ಲಿಯೂ ಜಾರದು, ನುಣುಪು ಗ್ರಾನೈಟ್ ಜಾರುತ್ತದೆ. ಸಡಿಲಗೊಂಡ ಚಪ್ಪಡಿಯನ್ನು ಎತ್ತಿ ಮಟ್ಟ ಮಾಡಿ ಕೂರಿಸಿದರೆ ಖರ್ಚೂ ಕಡಿಮೆ. ಗೋಡೆ ಮಣ್ಣಿನದಾದರೆ ಸಿಮೆಂಟ್ ಬೇಡ, ಸುಣ್ಣದ ಗಾರೆಯೇ ಇರಲಿ. ಸಿಮೆಂಟ್ ತೇವವನ್ನು ಒಳಗೇ ಹಿಡಿದಿಡುತ್ತದೆ. ಕ್ರಮೇಣ ಪದರವೇ ಕಳಚಿ ಬೀಳುತ್ತದೆ, ಬಾಗಿಲ ಚೌಕಟ್ಟಿನ ಬುಡವೂ ಕೊಳೆಯುತ್ತದೆ.